ಖೂನಿ ಪುಸ್ತಕ ಮತ್ತು ಅಂಜನದ ಎಲೆ

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಪತ್ತೇದಾರಿ ಕಾದಂಬರಿಯನ್ನು ಕೊನೆಯ ಪುಟದಿಂದ ಓದುತ್ತಾರೆ. ಖೂನಿ ಮಾಡಿದವನು ಯಾರೆಂದು ಮೊದಲು ನೋಡಿಕೊಂಡು, ಆಮೇಲೆ ಮೊದಲ ಪುಟಕ್ಕೆ ಬಂದು, ನಾಲ್ಕು ಹಾಳೆ ತಿರುವಿ, "ಇಂವನ ಅಂತ ನನಗ ಆಗ್ಲೇ ಗೊತ್ತಾಗಿತ್ತು" ಎಂದು ಪುಸ್ತಕ ಮುಚ್ಚಿಡುತ್ತಾರೆ. ಅಷ್ಟಕ್ಕೇ ಬಿಟ್ಟರೆ ಪುಣ್ಯ. ಊಟಕ್ಕೆ ಕೂತಾಗ, ನಾನು ರೊಟ್ಟಿ ನೀಡುತ್ತಿರುವಾಗ, "ಆ ಡಾಕ್ಟರ್‌ನ ಮಾಡ್ಯಾನ ನೋಡು" ಎಂದು ಎಲ್ಲರೆದುರು ಹೇಳಿಯೇ ಬಿಡುತ್ತಾರೆ. ಒಮ್ಮೆ ಹಾಗೆ ಹೇಳಿದಾಗ ನನ್ನ ಕೈಯಲ್ಲಿ ಬಿಸಿ ಪಲ್ಯದ ಸೌಟು ಇತ್ತು. ಅದು ತಟ್ಟೆಗೇ ಹೋದದ್ದು ನನ್ನ ಹೆತ್ತವರು ಕಲಿಸಿದ ಸಂಸ್ಕಾರದಿಂದ. ಅಂದಿನಿಂದ ನನ್ನ ಪುಸ್ತಕಗಳನ್ನು ಅರಿವೆಯಲ್ಲಿ ಸುತ್ತಿ ರೊಟ್ಟಿ ಬುಟ್ಟಿಯ ಕೆಳಗೆ ಇಡುತ್ತೇನೆ. ನಮ್ಮ ಮನೆಯ ಗಂಡಸರು ತಾವಾಗಿ ಕೈ ಹಾಕದ ಜಾಗ ಅದೊಂದೇ.

ನಾನು ಸವಣೂರಿಗೆ ಸೊಸೆಯಾಗಿ ಬಂದವಳು. ತವರು ಹಿರೇಕೆರೂರು ತಾಲೂಕಿನ ಹಂಸಭಾವಿ. ಶಿಗ್ಗಾಂವಿಯ ಒಂದು ಕಚೇರಿಯಲ್ಲಿ ಕಾರಕೂನಿಕೆ. ದಿನಾ ಹೋಗಿ ಬರುವ ಬಸ್ಸೇ ನನ್ನ ವಾಚನಾಲಯ. ಈಗ ಹೇಳಹೊರಟಿರುವ ಪುಸ್ತಕ ನನ್ನ ಅಪ್ಪನ ಪೆಟ್ಟಿಗೆಯಿಂದ ಬಂದದ್ದು. ರಟ್ಟು ಎಂದೋ ಹರಿದುಹೋಗಿದೆ, ಹೆಸರಿನ ಹಾಳೆಯೂ ಇಲ್ಲ, ಬರೆದವರು ಯಾರೋ ಇಂದಿಗೂ ಗೊತ್ತಿಲ್ಲ. ಅಪ್ಪ ಅದಕ್ಕೆ ಗೊಬ್ಬರದ ಚೀಲದ ತುಂಡೊಂದನ್ನು ಹೊದಿಕೆಯಾಗಿ ಹೊಲಿದಿದ್ದ. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆ ಅದನ್ನೂ ಒಯ್ಯುತ್ತಿದ್ದ. ಅವನು ಬದುವಿನ ಮೇಲೆ ಓದುತ್ತ ಕೂತನೆಂದರೆ ನಮ್ಮ ಎತ್ತುಗಳು ಪಕ್ಕದವರ ಜೋಳದಲ್ಲಿ ಸಿಗುತ್ತಿದ್ದವು. ನನ್ನ ಅತ್ತೆ ಇಂಥವಕ್ಕೆಲ್ಲ "ಖೂನಿ ಪುಸ್ತಕ" ಎನ್ನುತ್ತಾರೆ. "ನಮ್ಮ ನೌಕರಿ ಸೊಸಿ ಖೂನಿ ಪುಸ್ತಕ ಓದ್ತಾಳ" ಎಂದು ಓಣಿಯಲ್ಲಿ ಹೇಳಿಕೊಂಡು ಬಂದಿದ್ದರಿಂದ ನೆರೆಹೊರೆಯ ಹೆಂಗಸರು ಸ್ವಲ್ಪ ದಿನ ನನ್ನ ಹತ್ತಿರ ಬಹಳ ಮರ್ಯಾದೆಯಿಂದ ಮಾತಾಡಿದರು.

ಕತೆ ಹಳೆಯ ಕಾಲದ್ದು. ಒಂದು ದೊಡ್ಡ ಬಂಗಲೆ, ಮಳೆಗೆ ಸೇತುವೆ ಕೊಚ್ಚಿಹೋಗಿ ಯಾರೂ ಹೊರಗೆ ಹೋಗುವ ಹಾಗಿಲ್ಲ. ಮುದುಕ ಸಾಹುಕಾರ ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದಾನೆ, ಪಕ್ಕದಲ್ಲಿ ಅರ್ಧ ಕುಡಿದ ಹಾಲಿನ ಲೋಟ. ಹಾಲು ಕಾಯಿಸಿ ಕೊಟ್ಟವಳು ಅಡುಗೆಯವಳು, ಆದ್ದರಿಂದ ಎಲ್ಲರ ಕಣ್ಣು ಮೊದಲು ಅವಳ ಮೇಲೆ. ಆಗ ಕೆಮ್ಮುತ್ತ, ಮಫ್ಲರು ಸುತ್ತಿಕೊಂಡು ಪತ್ತೇದಾರ ಬರುತ್ತಾನೆ. ಬಂದವನು ಅಡುಗೆಯವಳನ್ನು ಕೇಳಿದ ಪ್ರಶ್ನೆಯನ್ನೇ ಸಾಹುಕಾರನ ಮಗನಿಗೂ ಕೇಳುತ್ತಾನೆ, ಅದೇ ದನಿಯಲ್ಲಿ: ನೀವು ಆಗ ಎಲ್ಲಿದ್ದಿರಿ?

ನನಗೆ ರುಚಿ ಹತ್ತಿದ್ದು ಖೂನಿಯದಲ್ಲ, ಈ ಪ್ರಶ್ನೆಯದು. ಪಂಕ್ತಿಯಲ್ಲಿ ಯಾರನ್ನೂ ಬಿಡದೆ ಬಡಿಸಿದ ಹಾಗೆ ಆ ಪುಸ್ತಕದಲ್ಲಿ ಅನುಮಾನವನ್ನು ಎಲ್ಲರಿಗೂ ಬಡಿಸುತ್ತಾರೆ. ವಕೀಲನಿಗೂ ಒಂದು ಸೌಟು, ಡಾಕ್ಟರಿಗೂ ಒಂದು ಸೌಟು, ಮನೆಯ ಯಜಮಾನಿಗೆ ಎರಡು. ನಮ್ಮ ಕಡೆಯ ಯಾವ ಮನೆಯಲ್ಲಿ ಯಜಮಾನರನ್ನು ನಿಲ್ಲಿಸಿ "ನೀವು ಆಗ ಎಲ್ಲಿದ್ದಿರಿ" ಎಂದು ಕೇಳಿದ್ದನ್ನು ಕಂಡಿದ್ದೇನೆ? ಎರಡನೆಯ ಸಲ ಓದಿದಾಗ ಇನ್ನೊಂದು ಸುಖ. ಗುಟ್ಟು ನಮ್ಮ ಮೂಗಿನ ಕೆಳಗೇ, ಊಟದ ಮಾತಿನ ನಡುವೆ, ಸುಮ್ಮನೆ ಬಿದ್ದಿರುತ್ತದೆ. ಅದನ್ನು ದಾಟಿ ಹೋದದ್ದಕ್ಕೆ ನಮ್ಮ ಮೇಲೆ ನಮಗೇ ನಗು ಬರುತ್ತದೆ. ಭಾವನಂಥವರಿಗೆ ಈ ಸುಖ ಜನ್ಮದಲ್ಲಿ ಸಿಗುವುದಿಲ್ಲ.

ನನ್ನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ತಾಗಿದರೆ ಹಿಡಿದ ನಡು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಚಿಕ್ಕಂದಿನಲ್ಲಿ ಹಂಸಭಾವಿಯ ಎಷ್ಟೋ ದೊಡ್ಡ ಮನುಷ್ಯರು ನಮ್ಮ ಕಟ್ಟೆಯ ಮೇಲೆ ಬೋರಲು ಮಲಗಿ ನನ್ನಿಂದ ಒದೆಸಿಕೊಂಡು ಹೋಗಿದ್ದಾರೆ. ಸವಣೂರಿಗೆ ಬಂದ ಮೇಲೆ ಭಾವನಿಗೂ ಒಮ್ಮೆ ನಡು ಹಿಡಿಯಿತು. ತಮ್ಮನ ಹೆಂಡತಿ ಭಾವನನ್ನು ಒದೆಯುವುದು ಹೇಗೆ ಎಂದು ಮನೆಯಲ್ಲಿ ದೊಡ್ಡ ಚರ್ಚೆಯಾಗಿ, ಕೊನೆಗೆ ಹಿರಿಯರ ಒಪ್ಪಿಗೆಯ ಮೇಲೆ ನಾನು ಒದ್ದೆ. ಶಾಸ್ತ್ರಕ್ಕೆ ಸ್ವಲ್ಪ ತಾಗಿಸಿದರೆ ಸಾಕಿತ್ತು. ನನ್ನ ಸಂಸಾರದ ಸುಖದ ದಿನಗಳಲ್ಲಿ ಅದೂ ಒಂದು.

ಈ ವರ್ಷ ನನ್ನ ಮೈದುನನ ಮದುವೆಯಾಯಿತು. ಹೆಣ್ಣು ಶಿಗ್ಗಾಂವಿ ತಾಲೂಕಿನ ದುಂಡಸಿಯದು. ನನ್ನ ಈ ನೆಗೆಣ್ಣಿ ಹೆಚ್ಚು ಮಾತಾಡುವವಳಲ್ಲ, ಕಸ ಹೊಡೆಯುವಾಗಲೂ ಪೊರಕೆಯ ಸಪ್ಪಳ ಕೇಳಿಸದು. ತಂದೆ ಸ್ವಲ್ಪ ಹೊಲ ಇರುವ ಸಾದಾ ಮನುಷ್ಯ. ಮದುವೆಯಲ್ಲಿ ತಮ್ಮ ಕೈಲಾದದ್ದನ್ನು ಮಾಡಿದ್ದರು. "ಕೈಲಾದದ್ದು" ಎಂಬ ಮಾತನ್ನು ನಮ್ಮ ಭಾವ ಮೂಗೇರಿಸಿ ಹೇಳುತ್ತಿದ್ದರು.

ಪಂಚಮಿ ಬಂತು. ಪಂಚಮಿಯಲ್ಲಿ ನಮ್ಮ ಕಡೆಯ ಬಸ್ಸುಗಳು ಹೆಣ್ಣುಮಕ್ಕಳನ್ನು ಅದಲುಬದಲು ಮಾಡುತ್ತವೆ. ಈ ಮನೆಯ ಸೊಸೆ ಆ ಊರಿಗೆ, ಆ ಊರಿಗೆ ಕೊಟ್ಟ ಮಗಳು ಈ ಮನೆಗೆ. ನೆಗೆಣ್ಣಿ ಮೊದಲ ಪಂಚಮಿಗೆಂದು ದುಂಡಸಿಗೆ ಹೋದಳು. ಹಾನಗಲ್ಲಿಗೆ ಕೊಟ್ಟ ನನ್ನ ನಾದಿನಿ ತವರಿಗೆ ಬಂದಳು. ಉಂಡಿ ಕಟ್ಟಿದೆವು, ಜೋಕಾಲಿ ಆಡಿದೆವು, ನಾದಿನಿ ತಾಯಿಯ ಪಕ್ಕ ಕೂತು ಅತ್ತಳು, ನಕ್ಕಳು. ಹೊರಡುವ ದಿನ ಅತ್ತೆ ಸ್ಟೀಲ್ ಡಬ್ಬಿಯಲ್ಲಿ ಶೇಂಗಾದುಂಡಿ ತಾವೇ ತುಂಬಿದರು. ನಾನು ಕೈ ಹಾಕಲು ಹೋದರೆ, "ನೀ ಬಿಡು, ನಿಂಗ ಬಸ್ಸಿಗೆ ಹೊತ್ತಾತು" ಎಂದರು. ಮಗಳಿಗೆ, "ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡ ಕುಂದ್ರು, ಮ್ಯಾಲಿಡಬ್ಯಾಡ" ಎಂದು ಬಾಗಿಲ ತನಕ ಹೇಳಿದರು. ಉಂಡಿ ಒಡೆದಾವೆಂಬ ಕಾಳಜಿ ಎಂದು ನಾನು ತಿಳಿದೆ.

ಅತ್ತೆಯ ಡಬ್ಬಿಗಳ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಎಲ್ಲದರ ಮೇಲೂ ಅವರ ಹೆಸರು ಕೊರೆಸಿದೆ. ಯಾರ ಮನೆಗಾದರೂ ತಿಂಡಿ ತುಂಬಿ ಕೊಟ್ಟರೆಂದರೆ ಮರುದಿನದಿಂದಲೇ ಡಬ್ಬಿಯ ವಿಚಾರಣೆ ಶುರು. ಫೋನಿನಲ್ಲಿ ಮೊದಲು ಆರೋಗ್ಯ, ಆಮೇಲೆ ಮಳೆ, ಆಮೇಲೆ ಡಬ್ಬಿ. ನನ್ನ ಅವ್ವ ತೀರಿಕೊಂಡಾಗ ಹಂಸಭಾವಿಗೆ ಬಂದು, ನನ್ನನ್ನು ತಬ್ಬಿಕೊಂಡು ಮನಸಾರೆ ಅತ್ತು, ಕಣ್ಣು ಒರೆಸಿಕೊಂಡು, "ಚಕ್ಲಿ ಕೊಟ್ಟ ಕಳಿಸಿದ್ದ ಡಬ್ಬಿ ಇಲ್ಲೇ ಐತಿ ಅಲ್ಲಾ?" ಎಂದು ಕೇಳಿದವರು ಅವರು.

ಪಂಚಮಿ ಮುಗಿದ ಮೇಲೆ ಬಳಗದಲ್ಲಿ ಒಂದು ಮದುವೆ. "ಯವ್ವಾ, ಬೋರಮಾಳ ಹಾಕ್ಕೋ, ನಾಕ ಮಂದಿ ನೋಡ್ತಾರ" ಎಂದರು ಭಾವ. ಬೋರಮಾಳವೆಂದರೆ ಅತ್ತೆಗೆ ಅವರ ತಾಯಿಯಿಂದ ಬಂದ ಬಂಗಾರದ ಗುಂಡಿನ ಸರ. ಅದು ಹಿರಿಯ ಮಗನ ಮನೆಗೇ ಸೇರಬೇಕೆಂದು ಭಾವ ಬಹಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದರು, ಅತ್ತೆಯನ್ನು ಕೇಳದೆ. ಅತ್ತೆ ಒಳಗೆ ಹೋದರು, ಬಹಳ ಹೊತ್ತು ಟ್ರಂಕಿನಲ್ಲಿ ಕೈಯಾಡಿಸಿದರು, ಹೊರಗೆ ಬಂದು, "ಕಾಣವಲ್ದು" ಎಂದರು.

ಟ್ರಂಕಿನ ಕೀಲಿ ಒಡೆದಿರಲಿಲ್ಲ. ಕೀಲಿಕೈ ಹಗಲೂ ಇರುಳೂ ಅತ್ತೆಯ ಸೆರಗಿನ ತುದಿಯಲ್ಲಿ. ನಮ್ಮ ಕೆಮ್ಮುವ ಪತ್ತೇದಾರ ಇದ್ದಿದ್ದರೆ ಇಲ್ಲಿಯೇ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ನಮ್ಮ ಭಾವ ಕೂರಲಿಲ್ಲ. ರೂಢಿಯಂತೆ ನೇರವಾಗಿ ಕೊನೆಯ ಪುಟಕ್ಕೆ ಹೋದರು.

"ಯವ್ವ ಜಳಕಕ್ಕ ಹೋದಾಗ ಕೀಲಿಕೈ ತಗದಾರ. ಆ ಖೋಲಿ ಕಸ ಹೊಡಿಯೋರು ಯಾರು? ಪಂಚಮಿಗೆ ಚೀಲ ತುಂಬಕೊಂಡ ತವರಿಗೆ ಹೋದೋರು ಯಾರು?"

ನೆಗೆಣ್ಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಳ್ಳುವುದನ್ನೂ ಮರೆತಿದ್ದಳು. ಅವಳ ಗಂಡ, ಅಂದರೆ ನನ್ನ ಮೈದುನ, ಮೊಬೈಲಿನಲ್ಲಿ ಬಹಳ ಮುಖ್ಯವಾದದ್ದೇನನ್ನೋ ನೋಡುತ್ತಿದ್ದ. ನನ್ನ ಗಂಡ ಅವನ ಪಕ್ಕ ಕೂತು ಅದನ್ನೇ ನೋಡತೊಡಗಿದರು. ಅತ್ತೆ ನೆಲ ನೋಡುತ್ತಿದ್ದರು.

"ಹೋಗೋ ಮುಂದ ಆಕಿ ಚೀಲಾ ನಾನ ತುಂಬೇನ್ರಿ ಭಾವಾರ. ಎರಡ ಸೀರಿ, ಒಂದ ಕೌದಿ" ಎಂದೆ.

"ನಿನಗ ಖೂನಿ ಪುಸ್ತಕ ಓದಿ ಓದಿ ತಲಿ ಕೆಟ್ಟೈತಿ" ಎಂದರು ಭಾವ. "ಅಂಜನ ಹಾಕಸೋಣು. ದುಂಡಸಿಯವರನ್ನ ಕರಸೋಣು. ಎಲಿಯೊಳಗ ಕಂಡಿದ್ದನ್ನ ಅವ್ರ ಕಣ್ಣಾರೆ ನೋಡ್ಲಿ, ಮಗಳನ್ನ ಕರಕೊಂಡ ಹೋಗ್ಲಿ."

ಅಂಜನ ಹಾಕಿಸುವುದು ಎಂದರೆ ವೀಳ್ಯದೆಲೆಗೆ ಎಣ್ಣೆಗಪ್ಪು ಬಳಿದು, ಅದರಲ್ಲಿ ಕಳ್ಳನ ಮುಖ ನೋಡುವುದು. ಎಲೆಬಳ್ಳಿಯ ತೋಟಗಳಿರುವ ಸವಣೂರಿನಲ್ಲಿ ಎಲೆಗೇನು ಬರ. ಅಂಜನದವನನ್ನು ಹಿರೇಕೆರೂರಿನ ಕಡೆಯಿಂದ ಕರೆಸುವುದೆಂದಾಯಿತು. ಅಂಜನ ಹಾಕಿಸುವ ಹಿಂದಿನ ದಿನ ಸಂಜೆ ನಾನು ಬಸ್ಸಿನಲ್ಲಿ ಬರುತ್ತಿದ್ದೆ. ಅಪ್ಪನ ಪುಸ್ತಕವೇ ಕೈಯಲ್ಲಿತ್ತು, ಮೂರನೆಯ ಸಲದ ಓದು. ಬಸ್ಸು ನಿಲ್ದಾಣಕ್ಕೆ ತಿರುಗುವಾಗ ಕಿಟಕಿಯಿಂದ ಕಂಡದ್ದು ಇಷ್ಟು: ಚಹಾದಂಗಡಿಯ ಬೆಂಚಿನ ಮೇಲೆ ನಮ್ಮ ಭಾವ, ಪಕ್ಕದಲ್ಲಿ ಕುಂಕುಮದ ದೊಡ್ಡ ಬೊಟ್ಟಿನ ಅಪರಿಚಿತ ಮನುಷ್ಯ. ಭಾವ ಕೈ ತಿರುವಿ ತಿರುವಿ ಏನೋ ವಿವರಿಸುತ್ತಿದ್ದಾರೆ, ಅವನು ನಮ್ಮೂರಿನ ಕುರುಕಲು ಖಾರಾ ತಿನ್ನುತ್ತ ತಲೆ ಆಡಿಸುತ್ತಿದ್ದಾನೆ. ನಾಳೆ ಎಲೆಯಲ್ಲಿ ಯಾರ ಮುಖ ಕಾಣಲಿದೆ ಎಂಬುದು ಇವತ್ತೇ ನಿಶ್ಚಯವಾಗುತ್ತಿತ್ತು.

ಆ ರಾತ್ರಿ ನಾನು ಪುಸ್ತಕ ತೆರೆಯಲಿಲ್ಲ. ಮದುವೆಯಾಗಿ ವರ್ಷ ತುಂಬದ ಹುಡುಗಿಯನ್ನು ಕಳ್ಳಿ ಎಂದು ತವರಿಗೆ ಕಳಿಸಿದರೆ ದುಂಡಸಿಯಲ್ಲಿ ಅವಳು ತಲೆ ಎತ್ತುವುದುಂಟೆ? ಪುಸ್ತಕದಲ್ಲಿ ಹೇಗೆ ಹುಡುಕುತ್ತಾರೋ ಹಾಗೆ ಹುಡುಕಿದೆ. ಯಾರು ಏನು ಮಾಡಿದರು ಎಂಬುದನ್ನಲ್ಲ, ಯಾರು ತಾವು ಯಾವಾಗಲೂ ಮಾಡುವುದನ್ನು ಈ ಸಲ ಮಾಡಲಿಲ್ಲ ಎಂಬುದನ್ನು. ರೊಟ್ಟಿ ಬುಟ್ಟಿಯ ಪಕ್ಕದ ಡಬ್ಬಿಗಳ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಪಂಚಮಿ ಆಗಿ ಇಷ್ಟು ದಿನವಾಯಿತು. ಅತ್ತೆ ಹಾನಗಲ್ಲಿಗೆ ದಿನಾ ಫೋನು ಮಾಡುತ್ತಾರೆ. ಆರೋಗ್ಯ ಕೇಳುತ್ತಾರೆ, ಮಳೆ ಕೇಳುತ್ತಾರೆ. ಉಂಡಿಯ ಡಬ್ಬಿಯನ್ನು ಒಮ್ಮೆಯೂ ಕೇಳಿಲ್ಲ.

ಸತ್ತ ಬೀಗಿತ್ತಿಯ ಮನೆಯಲ್ಲಿ ಡಬ್ಬಿ ಕೇಳಿದವರು ಹೊಟ್ಟೆಯ ಮಗಳನ್ನು ಕೇಳಲಿಲ್ಲವೆಂದರೆ ಆ ಡಬ್ಬಿಯ ಮಾತು ಬಾಯಿಗೆ ಬರುವುದೇ ಅವರಿಗೆ ಬೇಡವಾಗಿದೆ. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು, ಸುಳ್ಳೇಕೆ. ಅಪ್ಪ ಇದ್ದಿದ್ದರೆ ಮೊದಲು ಅವನಿಗೆ ಹೇಳುತ್ತಿದ್ದೆ.

ಬೆಳಿಗ್ಗೆ ಅತ್ತೆಯನ್ನು ಹಿತ್ತಲಲ್ಲಿ ಒಬ್ಬರನ್ನೇ ಹಿಡಿದೆ. "ಅತ್ತಿಯಾರ, ಅಂಜನ ಬ್ಯಾಡ ಅಂತ ನೀವ ಹೇಳ್ರಿ. ನಿಮ್ಮ ಮಾತ ಮೀರಂಗಿಲ್ಲ ಅವ್ರು" ಎಂದೆ. ಅವರು ತುಳಸಿಗೆ ನೀರು ಹಾಕುತ್ತಲೇ, "ನಾ ಏನ ಹೇಳ್ಲಿ? ಗಂಡಸರ ವ್ಯವಹಾರ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿದರು. ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯ ಹೀಗೇ ಇರುತ್ತದೆ, ಕುರ್ಚಿಯ ಬದಲು ಚಾಪೆ ಅಷ್ಟೆ. ಅಂಜನದವನು ಎಲೆಗೆ ಕಪ್ಪು ಬಳಿದ, ಊದುಬತ್ತಿ ಹಚ್ಚಿದ, ಮಂತ್ರದ ನಡುವೆ ಮೊಬೈಲು ಹೊಡೆದುಕೊಂಡಾಗ "ಪೂಜಾದಾಗ ಅದೇನಿ, ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟ. ಆಮೇಲೆ ದನಿ ಏರಿಸಿ, "ಕಾಲು ಮುಂದಾಗಿ ಹುಟ್ಟಿದವ್ರು ಮನ್ಯಾಗ ಯಾರರ ಅದಾರೇನ್ರಿ? ಅವ್ರ ಕಣ್ಣಿಗೆ ಛಲೋ ಕಾಣತೈತಿ. ಇಲ್ಲಂದ್ರ ನಾನ ನೋಡ್ತೇನಿ" ಎಂದ. ಅಂಥವರು ಸಾಮಾನ್ಯವಾಗಿ ಯಾವ ಮನೆಯಲ್ಲೂ ಇರುವುದಿಲ್ಲ, ಅದು ಅವನ ಕಸುಬಿನ ಮಾತು. ಚಹಾದಂಗಡಿಯಲ್ಲಿ ಎಲ್ಲವನ್ನೂ ಹೇಳಿದ್ದ ನಮ್ಮ ಭಾವ ಇದೊಂದನ್ನು ಹೇಳಲು ಮರೆತಿದ್ದರು. ತಾವು ಒದೆಸಿಕೊಂಡ ಕತೆಯನ್ನು ಯಾರು ತಾನೆ ಹೇಳಿಕೊಳ್ಳುತ್ತಾರೆ?

"ನಾ ಅದೇನಿ" ಎಂದು ಎದ್ದು ಹೋಗಿ ಎಲೆಯ ಮುಂದೆ ಕೂತೆ.

ಭಾವ ಬಾಯಿ ತೆರೆದರು. ಆದರೆ ಅಲ್ಲವೆನ್ನುವ ಹಾಗಿರಲಿಲ್ಲ, ನಾನು ಒದ್ದ ಅವರ ನಡುವೇ ಸಾಕ್ಷಿ. ನಾನು ಎಲೆಗೆ ಬಾಗಿದೆ. ಎಣ್ಣೆಗಪ್ಪಿನಲ್ಲಿ ನನಗೆ ಕಂಡದ್ದು ನನ್ನದೇ ಮೂಗು.

"ಏನ ಕಾಣಾಕತ್ತೈತವಾ? ಹೆಣ್ಣೇನು?" ಎಂದ ಅಂಜನದವನು.

"ಹೆಣ್ಣ ಐತ್ರಿ."

"ಮನಿಗೆ ಹೊಸಾಕಿ ಏನು?"

"ಅಲ್ರಿ. ಭಾಳ ಹಳಬರು."

"ಸರಿಯಾಗಿ ನೋಡು" ಎಂದರು ಭಾವ.

"ಸರಿಯಾಗೇ ನೋಡಾಕತ್ತೇನ್ರಿ ಭಾವಾರ. ಒಂದ ಡಬ್ಬಿ ಕಾಣಾಕತ್ತೈತಿ. ಸ್ಟೀಲಿಂದು. ಮ್ಯಾಲೆ ಹೆಸರ ಕೊರಸ್ಯಾರ. ಯಾರೋ ತೊಡಿ ಮ್ಯಾಲೆ ಇಟ್ಕೊಂಡ ಬಸ್ಸಿನ್ಯಾಗ ಕುಂತಾರ. ಒಳಗ ಉಂಡಿ ಅದಾವು. ಉಂಡಿ ತಳಕ್ಕ..."

ಅಲ್ಲಿ ನಿಲ್ಲಿಸಿ ತಲೆ ಎತ್ತಿ ಅತ್ತೆಯ ಮುಖ ನೋಡಿದೆ. ಅವರು ಸೆರಗಿನ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

"ಒರಸ ಅದನ್ನ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನಾನ ಕೊಟ್ಟೇನಿ. ನಮ್ಮವ್ವನ ಬೋರಮಾಳ, ನನ್ನ ಮಗಳಿಗೆ ಕೊಟ್ಟೇನಿ. ಆಕಿ ಮದುವ್ಯಾಗ ನೀವ್ಯಾರೂ ಒಂದ ಗುಂಜಿ ಬಂಗಾರ ಹಾಕ್ಲಿಲ್ಲ. ಏನೀಗ?" ಎಂದರು.

ನಿಜಕ್ಕೂ ಆ ಮಾತಿಗೆ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ತನ್ನ ಸ್ವಂತ ಒಡವೆಯನ್ನು ತಾನೇ ಕದ್ದು ಮಗಳಿಗೆ ಮುಟ್ಟಿಸಬೇಕಾದ ಮುದುಕಿ. ಪ್ರೀತಿಯ ಬೆನ್ನಿಗೇ ಸಿಟ್ಟೂ ಬಂತು. ಮಗಳನ್ನು ಉಳಿಸಲು, ಸೊಸೆಯನ್ನು ಕಳ್ಳಿ ಮಾಡುತ್ತಿದ್ದರೂ ಅವರು ಸುಮ್ಮನೆ ಕೂತಿದ್ದರಲ್ಲ.

ಆಮೇಲಿನದು ಬಹಳ ಸಲೀಸಾಗಿ ನಡೆಯಿತು. ಸೊಸೆ ಎಂದುಕೊಂಡಾಗ ಕಳವು ಆಗಿದ್ದದ್ದು ತಾಯಿ ಎಂದ ಕೂಡಲೆ ಮರೆವು ಆಯಿತು. "ಮರತಿರಬೇಕು ಪಾಪ, ವಯಸ್ಸಾತು" ಎಂದರು ಭಾವ. "ಎಲಿ ಸುಳ್ಳ ಹೇಳಂಗಿಲ್ರಿ" ಎಂದು ಅಂಜನದವನು ಯಶಸ್ಸನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಮೈದುನನ ಮೊಬೈಲಿನಲ್ಲಿ ನೋಡುವಂಥದ್ದು ಮುಗಿಯಿತು. ಚಹಾ ಬಂತು. ಎಲ್ಲರೂ ಕುಡಿದೆವು.

ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಬಾಗಿಲಲ್ಲಿ ನೆಗೆಣ್ಣಿಯ ತಂದೆ. "ಜರೂರ ಮಾತೈತಿ ಬರ್ರಿ" ಎಂದು ಭಾವ ಬೆಳಿಗ್ಗೆ ಫೋನು ಮಾಡಿದ್ದರು, ಯಾಕೆಂದು ಹೇಳಿರಲಿಲ್ಲ. ಮುಖದಲ್ಲಿ ಗಾಬರಿ, ಕೈಯಲ್ಲಿ ಹಸಿ ಶೇಂಗಾದ ಚೀಲ. "ಏನಾತ್ರಿ? ನನ್ನ ಮಗಳಿಂದ ಏನರ...?" ಎಂದು ನಿಂತೇ ಕೇಳಿದರು.

"ಏ, ಏನಿಲ್ಲ ಬರ್ರಿ, ಕುಂತ್ಕೋರಿ. ಭಾಳ ದಿನಾಗಿತ್ತಲ್ಲ, ಹಂಗ ಸುಮ್ನ ಕರದ್ವಿ" ಎಂದರು ಭಾವ. "ನಿಮ್ಮ ಮಗಳಂದ್ರ ಬಂಗಾರ ನೋಡ್ರಿ."

ತಂದೆ ಎರಡೂ ಕೈ ಜೋಡಿಸಿದರು. ಕಣ್ಣು ತುಂಬಿ ಬಂದಿತ್ತು. ಭಾವ ಅವರಿಗೆ ಸವಣೂರು ಖಾರಾ ಕಟ್ಟಿಸಿ ಕೊಟ್ಟು ದುಂಡಸಿಯ ಬಸ್ಸಿಗೆ ಕಳಿಸಿದರು. ನೆಗೆಣ್ಣಿ ಹೊಸ್ತಿಲ ಒಳಗೆ ನಿಂತು ನೋಡುತ್ತಿದ್ದಳು. ಆಮೇಲೆ ಅಪ್ಪ ತಂದ ಶೇಂಗಾದ ಚೀಲ ಎತ್ತಿಕೊಂಡು ಒಳಗೆ ಹೋದಳು.

ಕೆಲವು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಈ ಕತೆ ಹೇಳಿದೆ. ಎಲೆಯ ಮುಂದೆ ಕೂತದ್ದು, ಉಂಡಿ ತಳಕ್ಕ ಎಂದು ನಿಲ್ಲಿಸಿದ್ದು, ಒಂದೂ ಬಿಡದೆ ಹೇಳಿದೆ. ಕೆಮ್ಮೊಂದು ಕಡಿಮೆ, ಉಳಿದಂತೆ ಪತ್ತೇದಾರನೇ ನಾನು.

ಒಂದು ಭಾನುವಾರ ಮಧ್ಯಾಹ್ನ ನೆಗೆಣ್ಣಿ ಹಿತ್ತಲಿಗೆ ಬಂದು, "ಅಕ್ಕಾರ, ಆ ಖೂನಿ ಪುಸ್ತಕ ನನಗೂ ಒಂದ ಸಲ ಕೊಡ್ರಿ" ಎಂದಳು. ರೊಟ್ಟಿ ಬುಟ್ಟಿಯ ಕೆಳಗಿನಿಂದ ತೆಗೆದು ಕೊಟ್ಟೆ. ಬಿಡುವಾದಾಗ ಸ್ವಲ್ಪ ಸ್ವಲ್ಪ ಓದಿದಳು, ಕೊನೆಯ ಪುಟವನ್ನು ಕೊನೆಗೇ ಓದಿದಳು. ವಾಪಸು ಕೊಡುವಾಗ ನಾನು ಆಸೆಯಿಂದ, "ಹೆಂಗೈತಿ?" ಎಂದೆ.

"ಛಲೋ ಐತ್ರಿ ಅಕ್ಕಾರ. ಒಂದ ತಿಳೀಲಿಲ್ಲ. ಮೊದಲಿಗೆ ಎಲ್ಲಾರೂ ಆ ಅಡಿಗಿಯಾಕಿ ಮ್ಯಾಲೆ ಸಂಶೇ ಪಟ್ರಲ್ರಿ? ಆಮ್ಯಾಲೆ ಆಕೀಗೆ ಯಾರೂ ಏನೂ ಅನ್ನಲೇ ಇಲ್ಲೇನ್ರಿ?"

"ಏನ ಅನಬೇಕಿತ್ತು?"

"ತಪ್ಪಾತವಾ ಅಂತ" ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಒಲೆಯ ಮೇಲೆ ಸಾರು ಇಟ್ಟಿದ್ದೇನೆಂದು ಒಳಗೆ ಹೋದಳು.

ನಾನು ಅಲ್ಲೇ ಕೂತು ಕೊನೆಯ ಅಧ್ಯಾಯ ತೆಗೆದೆ. ಅಪ್ಪ ಬದುವಿನ ಮೇಲೆ ಓದಿದ್ದು, ನಾನು ಬಸ್ಸಿನಲ್ಲಿ ಮತ್ತೆ ಮತ್ತೆ ಓದಿದ್ದು. ಎಲ್ಲರೂ ಇದ್ದರು: ವಕೀಲ, ಡಾಕ್ಟರು, ಸಾಹುಕಾರನ ಮಗ, ಯಜಮಾನಿ. ಪತ್ತೇದಾರ ಬೆರಳು ಮಾಡಿ ತೋರಿಸಿದ್ದ, ಎಲ್ಲರೂ ಬೆರಗಾಗಿದ್ದರು. ಅಡುಗೆಯವಳು ಎಲ್ಲಿಯೂ ಇರಲಿಲ್ಲ. ಬೆರಗಾದವರು ಸುಧಾರಿಸಿಕೊಂಡ ಮೇಲೆ, ಪುಟದ ಕೆಳಗೆ, "ಚಹಾ ಬಂತು" ಎಂದಷ್ಟೇ ಬರೆದಿದೆ. ತಂದವರು ಯಾರೆಂದು ಬರೆದಿಲ್ಲ.

ನಾನೂ ಮೇಲೆ ಹಾಗೆಯೇ ಬರೆದಿದ್ದೇನೆ, ಬೇಕಾದರೆ ತಿರುವಿ ನೋಡಿ. ಆ ದಿನ ನಮ್ಮೆಲ್ಲರಿಗೂ ಚಹಾ ಮಾಡಿ ತಂದವಳು ಅವಳು. ಅಂಜನದವನಿಗೂ ಕೊಟ್ಟಳು, ಭಾವನಿಗೂ ಕೊಟ್ಟಳು. ನನಗೆ ಸಕ್ಕರೆ ಕಡಿಮೆ ಎಂಬುದನ್ನು ಆವತ್ತೂ ಮರೆತಿರಲಿಲ್ಲ.